ನವಾಬರ ಸವಣೂರು

ರಾಜಧಾನಿಯೆಂದೊಡನೆ ನಮ್ಮ ಮನಸ್ಸು ಹಂಪೆಗೋ ಮೈಸೂರಿಗೋ ಓಡುವುದು. ಶಿಗ್ಗಾಂವಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಪೂರ್ವಕ್ಕೆ ತಿರುಗಿದರೆ ಅನತಿದೂರದಲ್ಲಿಯೇ ಒಂದು ರಾಜಧಾನಿಯಿದ್ದಿತೆಂಬುದನ್ನು ಬಲ್ಲ ಪ್ರವಾಸಿಗರು ವಿರಳ. ಬಂಕಾಪುರದಲ್ಲಿದ್ದ ಪಠಾಣ ನವಾಬರು ಸವಣೂರನ್ನು ತಮ್ಮ ನೆಲೆಯನ್ನಾಗಿ ಮಾಡಿಕೊಂಡರು.

ಈ ಚಿಕ್ಕ ಸಂಸ್ಥಾನದ ಪಾಡು ಕನಿಕರ ಹುಟ್ಟಿಸುವಂಥದು. ಒಂದು ಮಗ್ಗುಲಿಗೆ ಪೇಶವೆ, ಒಂದು ಮಗ್ಗುಲಿಗೆ ನಿಜಾಮ, ದಕ್ಷಿಣಕ್ಕೆ ಮೈಸೂರು. 1756ರಲ್ಲಿ ಪೇಶವೆ ಬಾಳಾಜಿ ಬಾಜೀರಾಯನೂ ನಿಜಾಮ ಸಲಾಬತ್ ಜಂಗನೂ ಕೂಡಿ ಊರನ್ನು ಮುತ್ತಿದರು. ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳೂ ಜೊತೆಗಿದ್ದವು. ನವಾಬನು ಸೀಮೆಯನ್ನು ಬಿಟ್ಟುಕೊಟ್ಟು ಬದುಕಿದನು. 1779ರಲ್ಲಿ ಅಬ್ದುಲ್ ಹಕೀಮಖಾನನು ಹೈದರಾಲಿಯೊಡನೆ ಬೀಗತನ ಬೆಳೆಸಿದನು. ಅದೇ ಹೈದರನ ಮಗ ಟೀಪು ಏಳು ವರುಷಗಳಲ್ಲಿ ಸವಣೂರನ್ನು ವಶಪಡಿಸಿಕೊಂಡನು! ಬೀಗತನವು ಅರಸರಲ್ಲಿ ಎಷ್ಟು ದಿನ ಬಾಳುವುದು? ಅಳಿದುಳಿದ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು; ಊರು ಇಂದು ಹಾವೇರಿ ಜಿಲ್ಲೆಯ ತಾಲೂಕಿನ ಕೇಂದ್ರ.

ಅರಮನೆಯ ವೈಭವವನ್ನು ನಿರೀಕ್ಷಿಸಿ ಹೋದವರಿಗೆ ನಿರಾಸೆಯಾದೀತು. ಆದರೆ ಪೇಟೆಗೆ ಬನ್ನಿರಿ. ಸವಣೂರಿನ ವೀಳ್ಯದೆಲೆಯು ಈ ಕಡೆಯ ಮನೆಮನೆಗಳಲ್ಲಿ ಹೆಸರಾದುದು. ಇಲ್ಲಿಯ ಖಾರವೂ ಅಷ್ಟೇ. ಉತ್ತರಾದಿ ಮಠದ ಸತ್ಯಬೋಧತೀರ್ಥರು 1783ರಲ್ಲಿ ಈ ಊರಿನಲ್ಲಿಯೇ ಬೃಂದಾವನಸ್ಥರಾದರು. ಮುಸಲ್ಮಾನ ಅರಸರ ರಾಜಧಾನಿಯಲ್ಲಿ ಆ ಬೃಂದಾವನಕ್ಕೆ ಇಂದಿಗೂ ಭಕ್ತರು ಬರುತ್ತಾರೆ. ಕವಿ ವಿನಾಯಕರು, ಅಂದರೆ ವಿ. ಕೃ. ಗೋಕಾಕರು, ಹುಟ್ಟಿದುದೂ (1909) ಇಲ್ಲಿಯೇ.

ಇವೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದುದು ದೊಡ್ಡಹುಣಸೆ ಮಠದ ಮರಗಳು. ಹೆಸರಿಗೆ ಹುಣಸೆ, ಹುಣಸೆಯ ಕುಲಕ್ಕೂ ಇವಕ್ಕೂ ನಂಟಿಲ್ಲ. ಹಣ್ಣಿನ ಹುಳಿಯನ್ನು ಕಂಡು ನಮ್ಮವರು ಹಾಗೆ ಕರೆದಿರಬೇಕು. ಆಫ್ರಿಕಾ ಖಂಡದ ಬಾವೊಬಾಬ್ ಜಾತಿಯ ಈ ಮರವು ಮೆತ್ತನೆಯ ಕಾಂಡದಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದು, ಬೇಸಗೆಯ ಬರಕ್ಕೆ ಎಲೆಯುದುರಿಸಿ ನಿಲ್ಲುವುದು. ಬಿಳಿಯ ಹೂವು ಅರಳುವುದು ಇರುಳಿನಲ್ಲಿ. ಇಷ್ಟು ದೂರ ಇವನ್ನು ತಂದವರು ಯಾರು? ಕೃಷ್ಣನೆಂದು ಜನರ ನಂಬುಗೆ. ಅರಬ ವರ್ತಕರೆಂದೋ ಹಬಸಿ ಸಿಪಾಯಿಗಳೆಂದೋ ತಿಳಿದವರ ಊಹೆ. ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಹಿತ ಉರುಳಿತು. ಅದನ್ನು ಸೌದೆಗೆ ಕಡಿಯದೆ, ಯಂತ್ರಗಳಿಂದ ಎತ್ತಿ, ಮತ್ತೆ ನೆಲದಲ್ಲಿ ನಿಲ್ಲಿಸಿದರು.

ಹೋಗುವವರು ಮಕ್ಕಳನ್ನು ಕರೆದೊಯ್ಯಬೇಕು. ಒಂದು ಕಾಂಡವನ್ನು ತಬ್ಬಿ ಅಳೆಯಲು ಒಂದು ಸಂಸಾರ ಸಾಲದು. ನೆರೆಮನೆಯವರೂ ಜೊತೆಗಿದ್ದರೆ ಒಳ್ಳೆಯದು.