ಕಡಕ್ ರೊಟ್ಟಿ ಕಟ್ಟಿಕೊಂಡು ಶಿಯಾನ್‌ಗೆ: ನಾಲ್ಕು ದಿನದ ಪ್ಲ್ಯಾನ್

"ಚೀನಾಕ್ಕಾ? ಅದೂ ಅವ್ವನ್ನ ಕರ್ಕೊಂಡು? ಅಲ್ಲಿ ತಿನ್ನೋಕೆ ಏನ್ ಸಿಗುತ್ತೆ?" ಟಿಕೆಟ್ ಬುಕ್ ಆದಾಗಿನಿಂದ ಹೊರಡೋವರೆಗೂ ಆಫೀಸಲ್ಲಿ, ಅಪಾರ್ಟ್‌ಮೆಂಟಲ್ಲಿ, ಫ್ಯಾಮಿಲಿ ಗ್ರೂಪಲ್ಲಿ ಎಲ್ಲರೂ ಕೇಳಿದ್ದು ಇದೊಂದೇ ಪ್ರಶ್ನೆ. ಹೋಗಿ ಬಂದ ಮೇಲೆ ಈಗ ಅದೇ ಜನ "ನಿನ್ ಪ್ಲ್ಯಾನ್ ಸ್ವಲ್ಪ ಕಳ್ಸು" ಅಂತಿದ್ದಾರೆ. ಒಬ್ಬೊಬ್ಬರಿಗೂ ಟೈಪ್ ಮಾಡೋ ಬದಲು ಇಲ್ಲೇ ಬರೆದುಬಿಡ್ತೀನಿ.

ಚೀನಾ ಅಂದ್ರೆ ಬೀಜಿಂಗ್, ಶಾಂಘೈ ಅಲ್ವಾ, ಶಿಯಾನ್ ಯಾಕೆ? ಕಾರಣ ನಮ್ಮ ಅವ್ವ. ಬಾಗಲಕೋಟೆ ಕಡೆ ಹೈಸ್ಕೂಲಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿ ರಿಟೈರ್ ಆದವಳು. ಇಮ್ಮಡಿ ಪುಲಿಕೇಶಿ, ಹರ್ಷವರ್ಧನ, ಹ್ಯೂಯೆನ್ ತ್ಸಾಂಗ್ ಅಂತ ವರ್ಷಾ ವರ್ಷಾ ಬೋರ್ಡ್ ಮೇಲೆ ಬರೆದವಳು. ಆ ಹ್ಯೂಯೆನ್ ತ್ಸಾಂಗ್ ಹೊರಟಿದ್ದೂ, ವಾಪಸ್ ಬಂದು ಕೂತು ಗ್ರಂಥಗಳನ್ನ ಅನುವಾದ ಮಾಡಿದ್ದೂ ಈ ಊರಲ್ಲೇ. ಆಗ ಇದರ ಹೆಸರು ಚಾಂಗಾನ್. ಅವ್ವನಿಗೆ 64. ಮಂಡಿ ನೋವು ಶುರುವಾಗಿದೆ, ಇನ್ನೂ ಸಹಿಸೋ ಹಾಗಿದೆ. ಜೊತೆಗೆ ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ನನ್ನ ಗಂಡ ಮಾತ್ರ ಎಲ್ಲಾ ತಿಂತಾರೆ.

ಹಾಗಾಗಿ ನಮ್ಮ ಪ್ಲ್ಯಾನಿಗೆ ಎರಡೇ ನಿಯಮ. ದಿನಕ್ಕೆ ಒಂದೇ ದೊಡ್ಡ ಜಾಗ. ಮತ್ತೆ, ಮೊದಲು ಊಟ ಎಲ್ಲಿ ಅಂತ ತೀರ್ಮಾನ, ಆಮೇಲೆ ಏನು ನೋಡೋದು ಅಂತ. ವಯಸ್ಸಾದವರನ್ನ ಕರ್ಕೊಂಡು ಹೋಗೋವಾಗ ಟ್ರಿಪ್ ಕೆಡೋದು ಹಸಿವು ಮತ್ತು ನಡಿಗೆ ಎರಡರಿಂದಲೇ.

ಹೊರಡೋ ಮುಂಚೆ

ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಬೇಕೇ ಬೇಕು. ಚೀನಾದಲ್ಲಿ 240 ಗಂಟೆ ವೀಸಾ ಇಲ್ಲದೆ ಇರಬಹುದು ಅನ್ನೋ ರೀಲ್ಸ್ ನೋಡಿರ್ತೀರಿ, ಆ ಸೌಲಭ್ಯದ ಪಟ್ಟಿಯಲ್ಲಿ ನಾವಿಲ್ಲ. ಬೆಂಗಳೂರಿನಿಂದ ಶಿಯಾನ್‌ಗೆ ನೇರ ವಿಮಾನವೂ ಇಲ್ಲ. ಬ್ಯಾಂಕಾಕ್, ಕ್ವಾಲಾಲಂಪುರ, ಸಿಂಗಪುರ ಅಥವಾ ಹಾಂಗ್‌ಕಾಂಗ್‌ನಲ್ಲಿ ವಿಮಾನ ಬದಲಾಯಿಸಬೇಕು.

ತಿಂಗಳು ನೋಡಿ ಆರಿಸಿಕೊಳ್ಳಿ. ಏಪ್ರಿಲ್-ಮೇ ಚೆನ್ನಾಗಿರುತ್ತೆ, ಅಕ್ಟೋಬರ್ ಇನ್ನೂ ಚೆನ್ನ. ಆದರೆ ಅಕ್ಟೋಬರ್ 1ರಿಂದ ಒಂದು ವಾರ ಅವರ ರಾಷ್ಟ್ರೀಯ ರಜೆ. ಆಗ ಇಡೀ ದೇಶವೇ ಪ್ರವಾಸಕ್ಕೆ ಹೊರಟಿರುತ್ತೆ. ಮೇ 1ರ ಸುತ್ತಮುತ್ತಲೂ ಅದೇ ಕಥೆ. ನಾವು ಹೋಗಿದ್ದು ಅಕ್ಟೋಬರ್ ಮಧ್ಯದಲ್ಲಿ. ತೆಳು ಸ್ವೆಟರ್ ಸಾಕಾಯ್ತು.

ಫೋನ್ ತಯಾರಿ ವೀಸಾದಷ್ಟೇ ಮುಖ್ಯ. ಗೂಗಲ್, ವಾಟ್ಸ್ಆ್ಯಪ್ ಅಲ್ಲಿನ ಇಂಟರ್ನೆಟ್‌ನಲ್ಲಿ ಓಡಲ್ಲ. ಇಲ್ಲಿಂದಲೇ ರೋಮಿಂಗ್ ಹಾಕಿಸಿಕೊಂಡು ಹೋದರೆ ಮನೆಯವರ ಜೊತೆ ಮಾತಾಡೋಕೆ ತೊಂದರೆ ಆಗಲ್ಲ. ದುಡ್ಡಿಗೆ ಅಲಿಪೇ ಅಥವಾ ವಿಚಾಟ್ ಹಾಕಿಕೊಂಡು, ಇಲ್ಲಿರುವಾಗಲೇ ನಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಸೇರಿಸಿಡಿ. ತಳ್ಳುಗಾಡಿಯವರೂ ಕ್ಯೂಆರ್ ಕೋಡ್ ಇಟ್ಟಿರ್ತಾರೆ, ಥೇಟ್ ನಮ್ಮೂರಿನ ಹಾಗೇ. ಚೀನೀ ಭಾಷೆಯ ಆಫ್‌ಲೈನ್ ಅನುವಾದವನ್ನೂ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಒಂದು ಯುವಾನ್ ಅಂದ್ರೆ ಅಂದಾಜು 12-13 ರೂಪಾಯಿ.

ಇನ್ನು ಬ್ಯಾಗು. ಅವ್ವ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಗ್ಗರಣೆ ಹಾಕಿದ ಅವಲಕ್ಕಿ ಕಟ್ಟಿಕೊಂಡಳು. ಹಣ್ಣು, ಮಾಂಸ, ಹಾಲಿನ ಪದಾರ್ಥ ಒಳಗೆ ಬಿಡಲ್ಲ, ಅದಕ್ಕೆ ಮೊಸರು, ಪೇಡೆ ಎಲ್ಲಾ ಮನೇಲೇ ಉಳೀತು. ಒಂದು ಫ್ಲಾಸ್ಕ್ ಮರೀಬೇಡಿ. ಚೀನಾದಲ್ಲಿ ಬಿಸಿನೀರಿಗೆ ಬರವಿಲ್ಲ. ರೈಲ್ವೆ ಸ್ಟೇಷನ್, ರೈಲು, ಹೋಟೆಲ್ ಎಲ್ಲಾ ಕಡೆ ಪುಕ್ಕಟೆ ಸಿಗುತ್ತೆ.

ಮೊದಲ ದಿನ: ಗಂಟೆ ಗೋಪುರದ ಹಿಂದಿನ ಬೀದಿ

ರೂಮನ್ನ ಹಳೇ ಊರಿನ ನಡುವೆ, ಗಂಟೆ ಗೋಪುರದ ಹತ್ತಿರ ಮಾಡಿ. ಮೆಟ್ರೊ ಪಕ್ಕದಲ್ಲೇ ಇರುತ್ತೆ, ಸಂಜೆ ಸುಸ್ತಾದರೆ ನಡೆದೇ ವಾಪಸ್ ಬರಬಹುದು. ಗಂಟೆ ಗೋಪುರ 1384ರದ್ದು, ಸ್ವಲ್ಪ ಆಚೆ ಇರೋ ನಗಾರಿ ಗೋಪುರ 1380ರದ್ದು. ಕತ್ತಲಾದ ಮೇಲೆ ದೀಪ ಹಾಕಿದಾಗ ಎರಡನ್ನೂ ನೋಡಬೇಕು.

ನಗಾರಿ ಗೋಪುರದ ಕಮಾನು ದಾಟಿದರೆ ಮುಸ್ಲಿಂ ಬೀದಿ. ಹುಯಿ ಮುಸ್ಲಿಮರು ತಲೆಮಾರುಗಳಿಂದ ಇರೋ ಜಾಗ. ಇಲ್ಲಿ ಹಂದಿ ಮಾಂಸ ಇರಲ್ಲ, ಆದರೆ ಕುರಿ, ದನದ ಮಾಂಸ ಧಾರಾಳ. ಮೊದಲ ಐವತ್ತು ಹೆಜ್ಜೆಯಲ್ಲಿ ನೇತುಹಾಕಿದ ಕುರಿ ನೋಡಿ ಅವ್ವ ಸೆರಗಿಂದ ಮೂಗು ಮುಚ್ಚಿಕೊಂಡಳು. ಮುಂದೆ ಜೆಂಗ್‌ಗಾವ್ ಸಿಕ್ಕಿತು: ಅಂಟಕ್ಕಿ, ಕೆಂಪು ಖರ್ಜೂರದಂಥ ಜುಜುಬೆ ಹಣ್ಣು, ಕಾಳು ಪದರ ಪದರವಾಗಿ ಹಾಕಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿದ ಸಿಹಿ. ಅದನ್ನ ತಿಂದ ಮೇಲೆ ಸೆರಗು ಕೆಳಗಿಳೀತು. ಆಮೇಲೆ ಕಣ್ಣೆದುರೇ ಹಿಂಡಿಕೊಟ್ಟ ದಾಳಿಂಬೆ ರಸ, ಪರ್ಸಿಮನ್ ಹಣ್ಣಿನ ತಿರುಳು ಹಿಟ್ಟಿಗೆ ಕಲಸಿ ಒಳಗೆ ಹೂರಣ ತುಂಬಿ ಕರಿದ ಬಿಲ್ಲೆ. ಕರಿಯೋ ಎಣ್ಣೆ ಯಾವುದು ಅಂತ ಮಾತ್ರ ಕೇಳಿಯೇ ಕೊಳ್ಳಿ.

ಮಾಂಸ ತಿನ್ನೋರಿಗೆ ಪಾವ್‌ಮೊ ಇದೆ. ಗಟ್ಟಿ ರೊಟ್ಟಿ, ಖಾಲಿ ಬಟ್ಟಲು ಮುಂದೆ ಇಡ್ತಾರೆ. ರೊಟ್ಟಿಯನ್ನ ನೀವೇ ಕಾಳಿನಷ್ಟು ಸಣ್ಣಗೆ ಮುರಿದು ಹಾಕಬೇಕು. ಆಮೇಲೆ ಬಟ್ಟಲು ಒಳಗೆ ಹೋಗಿ, ಕುರಿ ಸಾರಲ್ಲಿ ಕುದ್ದು ಬರುತ್ತೆ. ನನ್ನ ಗಂಡ ಇಪ್ಪತ್ತು ನಿಮಿಷ ಮುರೀತಾನೇ ಇದ್ದರು. ಕೊನೆಗೆ ಅವ್ವ "ಕೊಡ್ರಿ ಇಲ್ಲಿ" ಅಂತ ಬಟ್ಟಲು ಇಸಕೊಂಡು ತಾನೇ ಮುರಿದುಕೊಟ್ಟಳು. ತಿನ್ನದಿದ್ರೂ ಕೆಲಸ ನೀಟಾಗಿರಬೇಕು!

ಎರಡನೇ ದಿನ: ಮಣ್ಣಿನ ಸೈನ್ಯ

ಟೆರಾಕೋಟಾ ಸೈನ್ಯ ಇರೋದು ಊರಿಂದ ಸುಮಾರು 40 ಕಿ.ಮೀ. ಪೂರ್ವಕ್ಕೆ, ಲಿಂಟಾಂಗ್‌ನಲ್ಲಿ. ಟಿಕೆಟ್ 120 ಯುವಾನ್, ಪಾಸ್‌ಪೋರ್ಟ್ ನಂಬರ್ ಕೊಟ್ಟು ಮೊದಲೇ ಬುಕ್ ಮಾಡಬೇಕು. ಮೆಟ್ರೊ 9ನೇ ಲೈನ್‌ನಲ್ಲಿ ಹೋಗಿ ಅಲ್ಲಿಂದ ಬಸ್ ಹಿಡೀಬಹುದು. ಹಿರಿಯರಿದ್ದರೆ ಕ್ಯಾಬ್ ಒಳ್ಳೇದು, ಯಾಕಂದ್ರೆ ಒಳಗೇ ತುಂಬಾ ನಡಿಗೆ ಇದೆ.

1974ರಲ್ಲಿ ಬಾವಿ ತೋಡ್ತಿದ್ದ ರೈತರಿಗೆ ಸಿಕ್ಕಿದ್ದು ಇದು. ಒಂದನೇ ಗುಂಡಿ 230 ಮೀಟರ್ ಉದ್ದ. ಸಾಲು ಸಾಲು ಸೈನಿಕರು, ಮುಖ ಒಂದರ ಹಾಗೆ ಇನ್ನೊಂದಿಲ್ಲ. ಎಲ್ಲಕ್ಕೂ ಆಗ ಬಣ್ಣ ಬಳಿದಿತ್ತು, ಅಗೆದು ಗಾಳಿ ತಾಗಿದ ಮೇಲೆ ಉದುರಿಹೋಯ್ತು. ಇದನ್ನೆಲ್ಲ ಮಾಡಿಸಿದ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಸಮಾಧಿಯನ್ನ ಇವತ್ತಿಗೂ ತೆರೆದಿಲ್ಲ. ದೂರದಿಂದ ನೋಡಿದರೆ ಮರ ಬೆಳೆದ ಗುಡ್ಡ ಅಷ್ಟೇ.

ಊಟದ ವಿಷಯಕ್ಕೆ ಬಂದ್ರೆ ಆ ದಿನ ರೊಟ್ಟಿ, ಹಿಂಡಿಯೇ ಗತಿ. ಬೆಂಚ್ ಮೇಲೆ ಕೂತು ಬಿಚ್ಚಿದ್ವಿ. ಪಕ್ಕದಲ್ಲಿದ್ದ ಅಜ್ಜಿಗೆ ಅವ್ವ ಒಂದು ತುಂಡು ಕೊಟ್ಟಳು. ಅವರು ಕಟುಂ ಅಂತ ಕಡಿದು ಬೆರಳೆತ್ತಿ ಭೇಷ್ ಅಂದ್ರು. ಗಟ್ಟಿ ರೊಟ್ಟಿ ತಿನ್ನೋ ಊರು ಅದು, ಅವರಿಗೇನು ಹೊಸದಲ್ಲ.

ಮೂರನೇ ದಿನ: ಹ್ಯೂಯೆನ್ ತ್ಸಾಂಗ್ ಮನೆ

ಈ ದಿನಕ್ಕಾಗಿಯೇ ನಾವು ಹೋಗಿದ್ದು. ದಾ ಚ್ಸಿಎನ್ ಬೌದ್ಧ ದೇವಸ್ಥಾನದ ಒಳಗಿರೋ ದೊಡ್ಡ ಹೆಬ್ಬಾತು ಗೋಪುರವನ್ನ ಮೊದಲು ಕಟ್ಟಿದ್ದು 652ರಲ್ಲಿ. ಏಳು ಅಂತಸ್ತು, ಸುಮಾರು 64 ಮೀಟರ್ ಎತ್ತರ, ಸ್ವಲ್ಪ ವಾಲಿದೆ. ಭಾರತದಿಂದ 645ರಲ್ಲಿ ವಾಪಸ್ ಬಂದ ಹ್ಯೂಯೆನ್ ತ್ಸಾಂಗ್ ತಂದಿದ್ದ 657 ಗ್ರಂಥಗಳು, ಮೂರ್ತಿಗಳು ಸುರಕ್ಷಿತವಾಗಿರಲಿ ಅಂತ ಕಟ್ಟಿಸಿದ್ದು. ಚೀನಾದಲ್ಲಿ ಆತನ ಹೆಸರು ಶ್ವಾನ್‌ಜಾಂಗ್. ಹಾಗೇ ಕೇಳಿದರೆ ಚಿಕ್ಕ ಮಕ್ಕಳೂ ದಾರಿ ತೋರಿಸ್ತಾರೆ.

ದಕ್ಷಿಣದ ಚೌಕದಲ್ಲಿ ಕೋಲು ಹಿಡಿದು ನಿಂತ ಅವನ ಕಂಚಿನ ಪ್ರತಿಮೆ ಇದೆ. ಗೋಪುರದ ಹಿಂದಿನ ಕಟ್ಟಡದಲ್ಲಿ ಅವನ ಪ್ರಯಾಣದ ಕಥೆಯನ್ನ ಗೋಡೆ ಮೇಲೆ ಕೊರೆದಿದ್ದಾರೆ. ಪುಲಿಕೇಶಿಯ ರಾಜ್ಯಕ್ಕೂ ಬಂದು, ಅಲ್ಲಿನ ಜನರ ಸ್ವಾಭಿಮಾನ, ಯುದ್ಧಕ್ಕೆ ಮೊದಲು ಆನೆಗಳಿಗೆ ಮದ್ಯ ಕುಡಿಸೋ ಪದ್ಧತಿ, ಹರ್ಷನಿಗೂ ಈ ರಾಜ್ಯ ಮಣಿಯದೇ ಇದ್ದದ್ದು ಎಲ್ಲಾ ಬರೆದಿಟ್ಟವನು ಇವನೇ. ನಮ್ಮ ಐಹೊಳೆ ಶಾಸನ 634ರದ್ದು. ಅದಾಗಿ ಹದಿನೆಂಟು ವರ್ಷಕ್ಕೆ ಈ ಗೋಪುರ ಎದ್ದಿತು.

ಅವ್ವ ಪ್ರತಿಮೆ ಮುಂದೆ ಬಹಳ ಹೊತ್ತು ನಿಂತಳು. ಫೋಟೋ ತೆಗೀಲಾ ಅಂದ್ರೆ ಬ್ಯಾಡ ಅಂದಳು. ಆಮೇಲೆ ಮೆಲ್ಲಗೆ, "ಮೂವತ್ತ ವರ್ಷ ಪಾಠ ಮಾಡೀನಿ ಇಂವಂದು. ಎರಡ ಮಾರ್ಕಿನ ಪ್ರಶ್ನಿ ಅಂತ ಹುಡುಗ್ರಿಗೆ ಹೇಳ್ತಿದ್ದೆ. ಎಷ್ಟ್ ದೂರ ನಡದ ಬಂದಿದ್ದ ನೋಡವಾ" ಅಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನಾನೂ ಅವಳ ಸ್ಟೂಡೆಂಟೇ, ಆ ಎರಡು ಮಾರ್ಕು ತಗೊಂಡವಳೇ.

ಊಟ ಅವತ್ತು ಬೌದ್ಧರ ಸಸ್ಯಾಹಾರಿ ಹೋಟೆಲಲ್ಲಿ. ಸಂಪ್ರದಾಯದಂತೆ ಅವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸಲ್ಲ, ಮಡಿ ಮನೆಯವರಿಗೂ ನಡೆಯುತ್ತೆ. ಆದರೆ ಮೀನಿನ ಆಕಾರದ, ಮಾಂಸದ ಬಣ್ಣದ ಪದಾರ್ಥ ಬಂದರೆ ಗಾಬರಿ ಬೀಳಬೇಡಿ. ಅದು ತೋಫು ಅಥವಾ ಗೋಧಿ ಅಂಟಿನಿಂದ ಮಾಡಿದ್ದು. ಅವ್ವನಿಗೆ ಇದನ್ನ ನಂಬಿಸೋಕೆ ಹೋಟೆಲಿನವರು ಅಡುಗೆಮನೆಗೇ ಕರ್ಕೊಂಡು ಹೋಗಬೇಕಾಯ್ತು!

ಸಂಜೆ ಶಕ್ತಿ ಉಳಿದಿದ್ದರೆ ಹತ್ತಿರದಲ್ಲೇ ಶಾನ್‌ಶಿ ಇತಿಹಾಸ ಮ್ಯೂಸಿಯಂ ಇದೆ. ಸೋಮವಾರ ರಜೆ, ಬುಕಿಂಗ್ ಬೇಗ ಮುಗಿಯುತ್ತೆ.

ನಾಲ್ಕನೇ ದಿನ: ಕೋಟೆ ಮೇಲೆ, ನೂಡಲ್ಸ್ ಕೆಳಗೆ

ಮಿಂಗ್ ಕಾಲದ ಕೋಟೆಗೋಡೆ ಹಳೇ ಊರನ್ನ ಪೂರ್ತಿ ಸುತ್ತಿದೆ. ಸುತ್ತಳತೆ ಸುಮಾರು 13.7 ಕಿ.ಮೀ., ಮೇಲ್ಭಾಗ 12 ಮೀಟರ್‌ಗೂ ಹೆಚ್ಚು ಅಗಲ. ಬಾಡಿಗೆ ಸೈಕಲ್ ಸಿಗುತ್ತೆ. ನಾವಿಬ್ಬರು ಸೈಕಲ್, ಅವ್ವ ಬ್ಯಾಟರಿ ಗಾಡಿ. ಬೆಳಗ್ಗೆ ಬೇಗ ದಕ್ಷಿಣ ಬಾಗಿಲಿಂದ ಹತ್ತಿ.

ಇಳಿದ ಮೇಲೆ ಬಿಯಾಂಗ್‌ಬಿಯಾಂಗ್ ನೂಡಲ್ಸ್. ಹಿಟ್ಟನ್ನ ಕಲ್ಲಿಗೆ ಬಡಿದು ಎಳೆದು ಬೆಲ್ಟಿನಷ್ಟು ಅಗಲ ಮಾಡ್ತಾರೆ. ಆ ಹೆಸರು ಬರೆಯೋ ಅಕ್ಷರಕ್ಕೆ ಐವತ್ತಕ್ಕೂ ಹೆಚ್ಚು ಗೆರೆ! ಬೇಯಿಸಿದ ನೂಡಲ್ಸ್ ಮೇಲೆ ಖಾರದಪುಡಿ, ಬೆಳ್ಳುಳ್ಳಿ ಹಾಕಿ ಕಾದ ಎಣ್ಣೆ ಚುರ್ ಅಂತ ಸುರೀತಾರೆ. "ಒಗ್ಗರಣಿನ ಹಾಕ್ಯಾರಲ್ಲ" ಅಂದಳು ಅವ್ವ. ಮಾಂಸದ ಪುಡಿ ಬೇಡ ಅಂತ ಮೊದಲೇ ಹೇಳಿ. ತಣ್ಣಗಿನ ಲಿಯಾಂಗ್‌ಪಿಯೂ ಸಸ್ಯಾಹಾರಿಗಳಿಗೆ ಆಗುತ್ತೆ: ಹಿಟ್ಟು ತೊಳೆದ ನೀರನ್ನ ತೆಳು ಹಾಳೆಯಾಗಿ ಹಬೆಯಲ್ಲಿ ಬೇಯಿಸಿ, ಕತ್ತರಿಸಿ, ಸೌತೆಕಾಯಿ, ಖಾರದೆಣ್ಣೆ, ವಿನೆಗರ್ ಬೆರೆಸಿದ್ದು.

ಸಂಜೆ ಮತ್ತೆ ಮುಸ್ಲಿಂ ಬೀದಿ, ಈ ಸಲ ಮಹಾಮಸೀದಿಗೆ. 742ರಲ್ಲಿ ಸ್ಥಾಪನೆಯಾಯ್ತು ಅನ್ನೋದು ಪ್ರತೀತಿ. ಗುಮ್ಮಟ ಇಲ್ಲ, ಚೀನೀ ಹೆಂಚಿನ ಮಾಡು, ತೋಟ, ಮರದ ಕಮಾನು. ಗದ್ದಲದ ಬೀದಿ ಪಕ್ಕದಲ್ಲೇ ಅಷ್ಟೊಂದು ಶಾಂತಿ.

ಸಸ್ಯಾಹಾರಿಗಳಿಗೆ ಮೂರು ಮಾತು

"ವೋ ಚಿ ಸು" ಅಂದ್ರೆ ನಾನು ಸಸ್ಯಾಹಾರಿ. "ಬು ಯಾವ್ ರೌ" ಮಾಂಸ ಬೇಡ. "ಬು ಯಾವ್ ದಾನ್" ಮೊಟ್ಟೆ ಬೇಡ. ನಮ್ಮ ಉಚ್ಚಾರ ಅವರಿಗೆ ಅರ್ಥ ಆಗದೇ ಇರಬಹುದು, ಅದಕ್ಕೆ ಚೀನೀ ಲಿಪಿಯಲ್ಲಿ ಬರೆಸಿ ಫೋನಿನ ಸ್ಕ್ರೀನ್ ಮೇಲೇ ಇಟ್ಟುಕೊಳ್ಳಿ. ಸೂಪ್ ಇರೋ ನೂಡಲ್ಸ್ ಬೇಡವೇ ಬೇಡ. ತರಕಾರಿ ತೇಲ್ತಿದ್ದರೂ ಸಾರು ಮೂಳೆಯದ್ದಾಗಿರುತ್ತೆ.

ಗಟ್ಟಿಮುಟ್ಟಾದ ಕಾಲಿದ್ದರೆ ಐದನೇ ದಿನ ಹೈಸ್ಪೀಡ್ ರೈಲಲ್ಲಿ ಹುವಾಶಾನ್ ಬೆಟ್ಟಕ್ಕೆ ಹೋಗಿಬನ್ನಿ. ಆದರೆ ಸಿಕ್ಕ ವಾರದಲ್ಲೇ ಬೀಜಿಂಗ್, ಶಾಂಘೈ ಎರಡನ್ನೂ ತುರುಕೋಕೆ ಹೋಗಬೇಡಿ. ಆ ರೈಲು ಪ್ರಯಾಣದ ಹೊತ್ತನ್ನ ಈ ಊರಿನ ಒಂದು ಬೀದಿಗೆ, ಒಂದು ಬಟ್ಟಲು ನೂಡಲ್ಸ್‌ಗೆ ಕೊಡಿ. ನಿಮ್ಮ ಮನೆಯಲ್ಲೂ ಪುಸ್ತಕದಲ್ಲಿ ಓದಿದ ಊರೊಂದನ್ನ ಮನಸಲ್ಲಿಟ್ಟುಕೊಂಡು, "ನಮಗೆಲ್ಲಾ ಯಾಕೆ ಬಿಡಪ್ಪ" ಅನ್ನೋರು ಇದ್ದೇ ಇರ್ತಾರೆ. ಅದು ಯಾವ ಊರು ಅಂತ ಈ ಭಾನುವಾರ ಕೇಳಿ ನೋಡಿ. ಮಂಡಿ ಇನ್ನೂ ಮಾತು ಕೇಳೋವಾಗಲೇ ಹೊರಡಿಸಿ.