ಎಸ್ಟಿಮೇಟ್ ಕಾಪಿ ಕೈಗೆ ಬಂತು, ಇನ್ನು ಜಲ್ಲಿ ಲೆಕ್ಕ

ಈ ಸಲ ಭತ್ತದ ಬಗ್ಗೆ ಅಲ್ಲ, ಮೆಣಸಿನಕಾಯಿ ರೇಟಿನ ಬಗ್ಗೆನೂ ಅಲ್ಲ. ರಸ್ತೆ ಬಗ್ಗೆ. ಸ್ವಲ್ಪ ಉದ್ದ ಐತಿ, ಊಟ ಆದ ಮೇಲೆ ಓದ್ರಿ.

ನಮ್ಮ ಗಾಂಧಿನಗರದಿಂದ ಕಾಲುವೆ ದಾಟಿ ಮೇನ್ ರೋಡ್ ಸೇರೋ 2.4 ಕಿ.ಮೀ. ದಾರಿಗೆ ಟೆಂಡರ್ ಆಗಿದೆ, ಈ ಬೇಸಿಗೆಯಲ್ಲೇ ಕೆಲಸ ಶುರು ಅಂತಾರೆ. ಮಳೆ ಬಿದ್ರೆ ಆ ದಾರಿ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕೊಯ್ಲಿನ ಟೈಮಿಗೆ ಲಾರಿ ಒಳಗೆ ಬರಲ್ಲ. ಟ್ರ್ಯಾಕ್ಟರ್‌ಗೆ ಹೇರಿ ಮೇನ್ ರೋಡಿಗೆ ತಂದು, ಇಳಿಸಿ, ಮತ್ತೆ ಲಾರಿಗೆ ಹೇರಬೇಕು. 75 ಕೆ.ಜಿ. ಚೀಲ ಒಂದಕ್ಕೆ ಎರಡೆರಡು ಸಲ ಹಮಾಲಿ. ಅದೆಲ್ಲ ನಮ್ಮ ರೇಟಿನಿಂದಲೇ ಕಡಿತ, ವ್ಯಾಪಾರಿ ಜೇಬಿನಿಂದ ಅಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಈ ಕೆಲಸದ ಎಸ್ಟಿಮೇಟ್, ಕಾರ್ಯಾದೇಶ ಎರಡರ ಕಾಪಿನೂ ತಗೊಂಡಿದೀನಿ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದು ಅರ್ಜಿಗೆ ಒಂದೇ ವಿಷಯ ಇರಬೇಕು. ಅದಕ್ಕೇ ಊರಿನ ಎಲ್ಲ ರಸ್ತೆ ಒಟ್ಟಿಗೆ ಕೇಳಬೇಡ್ರಿ, ಅದೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಒಂದು ರಸ್ತೆ ಹಿಡೀರಿ, ಎಲ್ಲಿಂದ ಎಲ್ಲಿವರೆಗೆ ಅಂತ ಸರಿಯಾಗಿ ಬರೀರಿ.

ಈ 'ಎಲ್ಲಿಂದ ಎಲ್ಲಿವರೆಗೆ' ಅನ್ನೋದು ನಮ್ಮ ಜಿಲ್ಲೆಯಲ್ಲಿ ಬಹಳ ಮುಖ್ಯ. ಯಾಕಂದ್ರೆ ಇಲ್ಲಿ ರಸ್ತೆಗೆ ದುಡ್ಡು ಬರೋ ಬಾಗಿಲು ಒಂದಲ್ಲ. ಲೋಕೋಪಯೋಗಿ ಇಲಾಖೆ ಐತಿ, ಪಂಚಾಯತ್ ರಾಜ್ ಇಂಜಿನಿಯರಿಂಗ್ ಐತಿ, ಕಲ್ಯಾಣ ಕರ್ನಾಟಕ ಮಂಡಳಿ ಐತಿ. 2015ರಿಂದ ಗಣಿಯವರು ಕಟ್ಟೋ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ಬೇರೆ. ಶಾಸಕರ ಅನುದಾನ, ಸಂಸದರ ಅನುದಾನ ಇದ್ದೇ ಇದೆ. 'ಇಂಥವರ ಮನೆಯಿಂದ ಇಂಥವರ ಹೊಲದವರೆಗೆ' ಅಂತ ಕಾಮಗಾರಿ ಹೆಸರಿದ್ದರೆ, ಅದೇ ರಸ್ತೆಯನ್ನ ಇನ್ನೊಂದು ಬಾಗಿಲಲ್ಲಿ ಇನ್ನೊಂದು ಹೆಸರಲ್ಲಿ ತೋರಿಸೋದು ಕಷ್ಟ ಅಲ್ಲ. ಮೀಟರ್ ಲೆಕ್ಕದಲ್ಲಿ ಶುರು ಎಲ್ಲಿ, ಮುಗಿಯೋದು ಎಲ್ಲಿ ಅಂತ ಕಾಗದದಲ್ಲಿ ಕೂತರೆ ಆಗ ಕಷ್ಟ.

ಈಗ ಎಸ್ಟಿಮೇಟ್ ಒಳಗೆ ಬರೋಣ. ರಸ್ತೆ ಅಗಲ 3.75 ಮೀಟರ್. ಜಲ್ಲಿ ಹಾಸು 75 ಮಿ.ಮೀ., ಮೇಲೆ ಡಾಂಬರು 20 ಮಿ.ಮೀ. ಗುಣಿಸಿ ನೋಡ್ರಿ: 2400 ಮೀಟರ್ ಉದ್ದಕ್ಕೆ ಜಲ್ಲಿ 675 ಘನ ಮೀಟರ್ ಆಗಬೇಕು, ಅದೂ ರೋಲರ್ ಹೊಡೆದು ಗಟ್ಟಿ ಆದ ಮೇಲೆ. ಟಿಪ್ಪರ್‌ನಲ್ಲಿ ಸಡಿಲ ಬರೋದು ಇನ್ನೂ ಜಾಸ್ತಿ ಇರಬೇಕು. 75 ಬದಲು 60 ಮಿ.ಮೀ. ಹಾಸಿದರೆ 135 ಘನ ಮೀಟರ್ ಮಾಯ. ಬರೀ ಕಣ್ಣಿಗೆ ಒಂದೂವರೆ ಸೆಂಟಿಮೀಟರ್ ಯಾರಿಗೆ ಗೊತ್ತಾಗುತ್ತೆ? ಡಾಂಬರು 20ರ ಬದಲು 15 ಆದರೆ ನಾಲ್ಕರಲ್ಲಿ ಒಂದು ಪಾಲು ಹೋಯ್ತು. ಮೇಲಿಂದ ನೋಡಿದ್ರೆ ಎರಡೂ ಒಂದೇ ಕಪ್ಪು.

ನಮ್ಮದು ಎರೆಭೂಮಿ ಬೇರೆ. ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಬಿರಿಯುತ್ತೆ. ಎರಡೂ ಕಡೆ ಗದ್ದೆ, ವರ್ಷಕ್ಕೆ ತಿಂಗಳುಗಟ್ಟಲೆ ನೀರು ನಿಂತಿರುತ್ತೆ. ಗಟ್ಟಿ ನೆಲದಲ್ಲಿ ಹೇಗೋ ತಡೆಯೋ ತೆಳು ರಸ್ತೆ ನಮ್ಮಲ್ಲಿ ಎರಡನೇ ಮಳೆಗಾಲ ನೋಡಲ್ಲ. (ಕಬ್ಬಿಣದ ಗಾಲಿ ಹಾಕಿದ ಟ್ರ್ಯಾಕ್ಟರ್ ಡಾಂಬರಿನ ಮೇಲೇ ಓಡಿಸೋರು ನಮ್ಮಲ್ಲೇ ಇದಾರೆ. ಅದಕ್ಕೆ ಕಂಟ್ರಾಕ್ಟರ್‌ನ ಬೈಯೋಕೆ ಬರಲ್ಲ.)

ಒಂದು ಸಂಗತಿ ಓದಿದ್ದು ಹೇಳ್ತೀನಿ. ಇಂಡೋನೇಷ್ಯಾದ ಜಾವಾದಲ್ಲಿ ಬೆಂಜಮಿನ್ ಓಲ್ಕೆನ್ ಅನ್ನೋ ಅರ್ಥಶಾಸ್ತ್ರಜ್ಞ 600ಕ್ಕೂ ಹೆಚ್ಚು ಹಳ್ಳಿಗಳ ರಸ್ತೆ ಹಿಡಿದು ಪರೀಕ್ಷೆ ಮಾಡಿದ್ದ, 2007ರಲ್ಲಿ ಪ್ರಕಟ ಆಯ್ತು. ಇಂಜಿನಿಯರ್‌ಗಳನ್ನ ಕರಕೊಂಡು ಹೋಗಿ ರಸ್ತೆ ಅಗೆದು, ಒಳಗೆ ಎಷ್ಟು ಸಾಮಾನು ಐತಿ ಅಂತ ಅಳೆದು, ಬಿಲ್ಲಿನ ಜೊತೆ ಹೋಲಿಸಿ ನೋಡಿದರು. ಕೆಲವು ಊರುಗಳಿಗೆ 'ನಿಮ್ಮ ರಸ್ತೆಗೆ ಸರ್ಕಾರಿ ಆಡಿಟ್ ಗ್ಯಾರಂಟಿ ಬರುತ್ತೆ' ಅಂತ ಮೊದಲೇ ಹೇಳಿದ್ರು. ಅಲ್ಲಿ ಸೋರಿಕೆ ಸುಮಾರು 8 ಪರ್ಸೆಂಟ್ ಪಾಯಿಂಟ್ ಕಮ್ಮಿ ಆಯ್ತು. ಇನ್ನು ಕೆಲವು ಊರಲ್ಲಿ ಜನರನ್ನ ಸಭೆಗೆ ಕರೆದ್ರು. ಅಲ್ಲಿ ಕೂಲಿ ದುಡ್ಡಿನ ಕಳವು ಇಳೀತು, ಸಾಮಾನಿನ ಕಳವು ಇಳಿಯಲಿಲ್ಲ. ಕೂಲಿ ನಮ್ಮ ಕೈಗೆ ಬರಬೇಕಾದ ದುಡ್ಡು, ಬಿಡಲ್ಲ. ಜಲ್ಲಿ ಯಾರಪ್ಪಂದು? ಇನ್ನೊಂದು ತಮಾಷೆ, ಆಡಿಟ್ ಭಯ ಇದ್ದ ಊರಲ್ಲಿ ದುಡ್ಡು ತಿನ್ನೋದು ಕಮ್ಮಿ ಆಗಿ, ಕೆಲಸ ಸಂಬಂಧಿಕರಿಗೆ ಕೊಡೋದು ಜಾಸ್ತಿ ಆಯ್ತಂತೆ. ಮನುಷ್ಯ ಎಲ್ಲಾ ಕಡೆ ಒಂದೇ ಬಿಡ್ರಿ.

ನಮ್ಮ ರಾಜ್ಯದಲ್ಲಿ ಕಾನೂನಿಗೇನೂ ಬರ ಇಲ್ಲ. ಟೆಂಡರ್ ಪಾರದರ್ಶಕ ಕಾಯ್ದೆ 1999ರದ್ದು. ಪಂಚಾಯತ್ ರಾಜ್ ಕಾಮಗಾರಿಗಳ ಜಾಡು ಹಿಡಿಯೋಕೆ 'ಗಾಂಧಿ ಸಾಕ್ಷಿ ಕಾಯಕ' ಅಂತ ಕಂಪ್ಯೂಟರ್ ವ್ಯವಸ್ಥೆನೇ ಐತಿ. ಇಷ್ಟಿದ್ದೂ 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘದವರೇ 40 ಪರ್ಸೆಂಟ್ ಕಮಿಷನ್ ಕೇಳ್ತಾರೆ ಅಂತ ಪ್ರಧಾನಿಗೆ ಪತ್ರ ಬರೆದ್ರು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಬೆಳಗಾವಿಯ ಗುತ್ತಿಗೆದಾರ ಸಂತೋಷ್ ಪಾಟೀಲ್ ಉಡುಪಿಯ ಲಾಡ್ಜ್‌ನಲ್ಲಿ ಶವವಾಗಿ ಸಿಕ್ಕರು. ಹಿಂಡಲಗಾದಲ್ಲಿ 4 ಕೋಟಿ ಕೆಲಸ ಮಾಡಿದೀನಿ, ಬಿಲ್ ಬಂದಿಲ್ಲ ಅನ್ನೋದು ಅವರ ದೂರು. ಮಂತ್ರಿ ಮೇಲೆ ಆರೋಪ ಬಂತು, ರಾಜೀನಾಮೆ ಆಯ್ತು, ಆಮೇಲೆ ಪೊಲೀಸರು ಬಿ ರಿಪೋರ್ಟ್ ಹಾಕಿದ್ರು. ಯಾರು ಸರಿ ಅನ್ನೋದು ನಾನು ಹೇಳೋ ಮಾತಲ್ಲ. ನನ್ನ ತಲೆಯಲ್ಲಿ ಉಳಿದಿದ್ದು ಇಲಾಖೆ ಹೇಳಿದ ಒಂದು ಮಾತು: ಆ ಕೆಲಸಕ್ಕೆ ಕಾರ್ಯಾದೇಶನೇ ಕೊಟ್ಟಿರಲಿಲ್ಲ ಅಂತ. ಕಾಗದ ಇಲ್ಲದ ರಸ್ತೆಯಲ್ಲಿ ಕಂಟ್ರಾಕ್ಟರ್‌ಗೂ ರಕ್ಷಣೆ ಇಲ್ಲ. ಅದಕ್ಕೇ ನಾನು ಎಸ್ಟಿಮೇಟ್ ಜೊತೆ ಕಾರ್ಯಾದೇಶನೂ ಕೇಳಿದ್ದು.

ಇದನ್ನೆಲ್ಲ ಮೊನ್ನೆ ಅರಳಿಕಟ್ಟೆ ಹತ್ರ ಹೇಳಿದಾಗ ಒಪ್ಪಿದವರು ಅರ್ಧ ಜನ. ನಮ್ಮ ದೊಡ್ಡಪ್ಪ ನೇರವಾಗಿ ಕೇಳಿದ್ರು, "ಲೇ ತಮ್ಮ, ನೀನು ಟೇಪ್ ಹಿಡಕೊಂಡು ನಿಂತ್ರೆ ಅವ ಮಿಷನ್ ಎತ್ತಿಕೊಂಡು ಹೋದ ಅಂದ್ರೆ? ಈ ವರ್ಷನೂ ಕೆಸರಲ್ಲೇ ಚೀಲ ಹೊರೋದಾ? 60 ಆಗ್ಲಿ 50 ಆಗ್ಲಿ, ರೋಡ್ ಅಂತ ಒಂದು ಆಗ್ಲಿ ಬಿಡು." ಈ ಮಾತನ್ನ ನಾನು ತಳ್ಳಿ ಹಾಕಲ್ಲ. ಆ ಕಡೆ ಹೊಲ ಇರೋ ಎಲ್ಲರ ಫಸಲೂ ಆ ದಾರಿ ಮೇಲೇ ನಿಂತಿದೆ. ಅಲ್ಲದೆ ಸಬ್ ಕಂಟ್ರಾಕ್ಟ್ ಹಿಡಿದ ಹುಡುಗ ನಮ್ಮೂರ ಅಳಿಯ. ಪ್ರಶ್ನೆ ಕೇಳಿದ್ರೆ ಮನೆ ಮನೆ ಜಗಳ.

ಆದರೂ ನಮ್ಮ ಪಕ್ಕದ ರಸ್ತೆ ನೋಡ್ರಿ ಅಂದೆ. ಆಗಲೂ 'ಆಗ್ಲಿ ಬಿಡು' ಅಂದ್ವಿ. ಅಂಚಲ್ಲಿ ಕೈಯಿಂದ ಎತ್ತಿದ್ರೆ ಡಾಂಬರು ರೊಟ್ಟಿ ಹಂಗೆ ಏಳುತ್ತೆ. ಒಂದು ಸಲ ರಸ್ತೆ ಆಯ್ತು ಅಂತ ದಾಖಲೆ ಆದ ಮೇಲೆ ಮತ್ತೆ ದುಡ್ಡು ಬರೋಕೆ ವರ್ಷಗಟ್ಟಲೆ. ಕೆಟ್ಟ ರಸ್ತೆ ಆಗೋದು, ರಸ್ತೆ ಆಗದೇ ಇರೋದಕ್ಕಿಂತ ಉದ್ದದ ಶಿಕ್ಷೆ. ದೊಡ್ಡಪ್ಪ ಒಪ್ಪಲಿಲ್ಲ, ಎದ್ದೂ ಹೋಗಲಿಲ್ಲ.

ಕೊನೆಗೆ ಒಂದು ನಡುದಾರಿ ಆಯ್ತು. ಕೆಲಸ ನಿಲ್ಲಿಸೋದಿಲ್ಲ, ಜಗಳ ಇಲ್ಲ, ವಿಡಿಯೋ ಮಾಡಿ ಹರಿಬಿಡೋದಿಲ್ಲ. ಎಸ್ಟಿಮೇಟ್‌ನ ಒಂದು ಪುಟ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಹಾಲಿನ ಡೈರಿ ಗೋಡೆಗೆ ಅಂಟಿಸಿದೀವಿ. ಅಳಿಯಂದ್ರೇ ಬಂದು ಓದಿದ್ರು, ನಕ್ಕರು, ಫೋಟೋ ತಗೊಂಡು ಹೋದ್ರು. ಜಲ್ಲಿ ಹಾಸೋ ದಿನ ಪ್ರತಿ 200 ಮೀಟರ್‌ಗೆ ಒಂದು ಕಡೆ, ರೋಲರ್ ಆದ ಮೇಲೆ, ಡಾಂಬರು ಬೀಳೋ ಮುಂಚೆ ದಪ್ಪ ಅಳೆದು ನೋಟ್‌ಬುಕ್‌ನಲ್ಲಿ ಬರೀತೀವಿ. ಇಂಜಿನಿಯರ್ ಬಂದಾಗ ಅವರ ಮುಂದೆನೇ ಅಳೀತೀವಿ. ಬಿಲ್ ಆದ ಮೇಲೆ ಅಳತೆ ಪುಸ್ತಕದ ಕಾಪಿ ಕೇಳಿ ಎರಡನ್ನೂ ಪಕ್ಕ ಪಕ್ಕ ಇಡೋದು. ಹೊಂದಲಿಲ್ಲ ಅಂದ್ರೆ, ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಮಗಾರಿ ಪರಿಶೀಲನೆ, ಸಾಮಾನಿನ ದೃಢೀಕೃತ ಮಾದರಿ ಕೇಳೋ ಹಕ್ಕೂ ಐತಿ. ಸೆಕ್ಷನ್ 2(ಜೆ) ಅಂತ ಬರಕೊಳ್ರಿ. ನಾವೇ ಗುದ್ದಲಿ ತಗೊಂಡು ರಸ್ತೆ ಅಗೆಯೋಕೆ ಹೋಗಬಾರದು, ಕೇಸ್ ನಮ್ಮ ಮೇಲೇ ಬೀಳುತ್ತೆ.

ಟಿಪ್ಪರ್ ಎಣಿಸೋಕೆ ಕಾಲುವೆ ಸೇತುವೆ ಹತ್ರ ಪಾಳಿ ಹಾಕಿದೀವಿ. ಸಂಜೆ ಪಾಳಿಗೆ ಜನ ಸಿಕ್ಕಿದ್ದಾರೆ, ದೊಡ್ಡಪ್ಪನೂ ಕೂರ್ತೀನಿ ಅಂದಿದಾರೆ. ಬೆಳಗ್ಗೆ ಆರರಿಂದ ಒಂಬತ್ತಕ್ಕೆ ಇನ್ನೂ ಇಬ್ಬರು ಬೇಕು. ಹಾಲು ಹಾಕೋಕೆ ಬರೋರು ಯಾರಾದ್ರೂ ಇದ್ರೆ ಹೇಳ್ರಿ.