ಕೊಸರಿಗೆ ಬಂದ ಕೋತಂಬರಿ

ಕಲಬುರಗಿಯ ಗಾಜಿಪುರದ ಓಣಿಗಳಿಗೆ ಬೆಳಿಗ್ಗೆ ಬರುವ ತರಕಾರಿ ಬಂಡಿಯಲ್ಲಿ ಗಜ್ಜರಿಗೆ ಸಿಗುವ ಮರ್ಯಾದೆಯೇ ಬೇರೆ. ತೊಳೆದು, ಬಾಲ ಕತ್ತರಿಸಿ, ಸಾಲಾಗಿ ಜೋಡಿಸಿಟ್ಟಿರುತ್ತಾರೆ. ತಕ್ಕಡಿಗೆ ಹಾಕಿದ ಮೇಲೆ ಒಂದು ಹೆಚ್ಚಾದರೆ ತೆಗೆಯುತ್ತಾರೆ, ಕಡಿಮೆ ಬಿದ್ದರೆ ಸಣ್ಣದೊಂದನ್ನು ಹುಡುಕಿ ಸೇರಿಸುತ್ತಾರೆ. ಕೋತಂಬರಿ ತಕ್ಕಡಿ ಏರುವುದಿಲ್ಲ. ಒದ್ದೆ ಗೋಣಿಯ ಕೆಳಗೆ ಮಲಗಿದ್ದ ಕಟ್ಟಿನಿಂದ ನಾಲ್ಕು ಎಳೆ ಹಿರಿದು, ಎರಡು ಹಸಿಮೆಣಸಿನಕಾಯಿ ಜೊತೆ ಚೀಲದ ಮೇಲಿಟ್ಟು, "ಇದು ಹಂಗೇ ತಗೋರಿ ಅಕ್ಕಾ" ಎನ್ನುತ್ತಾರೆ. ಆ ಕೊಡುಗೆಯಲ್ಲಿ ಪ್ರೀತಿ ಇದೆ. ಆದರೆ ಗಡ್ಡೆಗೆ ಬೆಲೆ, ಎಲೆ ಕೊಸರು ಎಂಬ ಲೆಕ್ಕವೂ ಅದರಲ್ಲಿಯೇ ಕೂತಿದೆ. ಆ ಲೆಕ್ಕ ಅಡುಗೆಮನೆಗೂ ಬಂದಿದೆ: ಗಜ್ಜರಿ ಆಹಾರ, ಕೋತಂಬರಿ ಅಲಂಕಾರ. ನನಗೆ ಇದು ಸರಿಯೆನಿಸುವುದಿಲ್ಲ.

ನಮ್ಮ ಊರಿನಿಂದ ಒಂದು ರೈಲು ಹತ್ತಿದರೆ ಸಿಗುವ ಹೈದರಾಬಾದಿನಲ್ಲಿಯೇ ಈ ವ್ಯಾಜ್ಯ ಬಿಡಿಸುವ ಸಂಸ್ಥೆ ಇದೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ಬೆನ್ನು ಹತ್ತಿ ಆರಂಭಿಸಿದ ಸಣ್ಣ ಪ್ರಯೋಗಾಲಯ, 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಭಾರತದ ಆಹಾರಗಳ ಪೋಷಕಾಂಶದ ಪಟ್ಟಿಯನ್ನು 1937ರಲ್ಲಿ ಅದೇ ಪ್ರಯೋಗಾಲಯದ ಐಕ್ರಾಯ್ಡ್ ಹೊರತಂದರು. ಅದನ್ನು ಬೆಳೆಸಿ 1971ರಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು ಪುಸ್ತಕ ಮಾಡಿದರು. 1989ರಲ್ಲಿ ಪರಿಷ್ಕರಣೆಗೊಂಡ ಅದರ ಪ್ರತಿ ದಶಕಗಳ ಕಾಲ ದೇಶದ ಆಸ್ಪತ್ರೆ, ಕಾಲೇಜುಗಳ ಮೇಜಿನ ಮೇಲಿತ್ತು.

ಆ ಪುಸ್ತಕದಲ್ಲಿ ನೂರು ಗ್ರಾಂ ಗಜ್ಜರಿಗೆ ಕ್ಯಾರೋಟಿನ್ 1890 ಮೈಕ್ರೋಗ್ರಾಂ, ಕೋತಂಬರಿ ಎಲೆಗೆ 6918. ಸುಣ್ಣದಂಶ ಗಜ್ಜರಿಯಲ್ಲಿ 80 ಮಿಲಿಗ್ರಾಂ, ಕೋತಂಬರಿಯಲ್ಲಿ 184. ಸಿ ಜೀವಸತ್ವದಲ್ಲಂತೂ ಹೋಲಿಕೆಯೇ ಇಲ್ಲ: ಅಲ್ಲಿ 3, ಇಲ್ಲಿ 135. ಕಣ್ಣಿಗೆ ಒಳ್ಳೆಯದೆಂದು ಮಕ್ಕಳ ಬಾಯಿಗೆ ಗಜ್ಜರಿ ತುರುಕುವ ನಾವು, ಪಕ್ಕದಲ್ಲಿದ್ದ ಎಲೆಯನ್ನು ತಟ್ಟೆಯ ಅಂಚಿಗೆ ಸರಿಸುತ್ತ ಬಂದಿದ್ದೇವೆ.

ಇಷ್ಟಕ್ಕೇ ಕೋತಂಬರಿಗೆ ಹಾರ ಹಾಕಿ ಎದ್ದುಬಿಡಬಹುದಿತ್ತು. ಆದರೆ ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ತೆರೆದರೆ ಕ್ಯಾರೋಟಿನ್ನಿನ ತೀರ್ಪು ತಲೆಕೆಳಗಾಗುತ್ತದೆ. ಅಲ್ಲಿ ಗಜ್ಜರಿಯ ಬೀಟಾ ಕ್ಯಾರೋಟಿನ್ ಸುಮಾರು 8300 ಮೈಕ್ರೋಗ್ರಾಂ, ಕೋತಂಬರಿಯದು 3900ರ ಆಸುಪಾಸು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಅಳೆದದ್ದು ಬೇರೆ ಬೇರೆ ಗಜ್ಜರಿಯನ್ನು. ಯುರೋಪಿನಲ್ಲಿ ಬೆಳೆದು ಅಮೆರಿಕಕ್ಕೆ ಹೋದದ್ದು ಕಿತ್ತಳೆ ಬಣ್ಣದ್ದು. ಅದರ ಬಣ್ಣವೇ ಕ್ಯಾರೋಟಿನ್. ನಮ್ಮ ಚಳಿಗಾಲದ ಕೆಂಪು ಗಜ್ಜರಿಗೆ ಬಣ್ಣ ಕೊಡುವುದರಲ್ಲಿ ಟೊಮೆಟೊದಲ್ಲಿರುವ ಲೈಕೋಪಿನ್ನಿನ ಪಾಲು ದೊಡ್ಡದು. 2017ರಲ್ಲಿ ಅದೇ ಹೈದರಾಬಾದಿನ ಸಂಸ್ಥೆ ಹೊಸ ಪಟ್ಟಿ ತಂದಾಗ ಕೆಂಪು ಗಜ್ಜರಿಗೂ ಕಿತ್ತಳೆ ಗಜ್ಜರಿಗೂ ಬೇರೆ ಬೇರೆ ಸಾಲು ಕೊಟ್ಟಿತು. ಅದು ಬಹಳ ಬೇಕಾಗಿದ್ದ ಕೆಲಸ. ಗಜ್ಜರಿ ಎಂದು ಬಾಯಲ್ಲಿ ಒಂದೇ ಮಾತು ಹೇಳಿದರೂ ಬಂಡಿಯ ಮೇಲಿರುವುದು ಎರಡು ಜಾತಿ.

ಸುಣ್ಣ, ಕಬ್ಬಿಣ, ಫೋಲೇಟ್, ಸಿ ಜೀವಸತ್ವ ಇವುಗಳಲ್ಲಿ ಮಾತ್ರ ಅಮೆರಿಕದ ಪಟ್ಟಿಯೂ ಎಲೆಯ ಕಡೆಗೇ ವಾಲುತ್ತದೆ. ಅಂತರ ಕಡಿಮೆ, ಅಷ್ಟೇ: ಸಿ ಜೀವಸತ್ವ ಗಜ್ಜರಿಗೆ 6, ಕೋತಂಬರಿಗೆ 27 ಮಿಲಿಗ್ರಾಂ. ಕಿತ್ತ ಎಲೆ ಬಾಡಿದಷ್ಟೂ ಈ ಸತ್ವ ಸೋರಿಹೋಗುತ್ತದೆ. ನಲವತ್ತು ಡಿಗ್ರಿ ದಾಟುವ ಕಲಬುರಗಿಯ ಬಿಸಿಲಲ್ಲಿ ಮಧ್ಯಾಹ್ನದವರೆಗೆ ಬಂಡಿಯ ಮೇಲೆ ತಿರುಗಿದ ಕೋತಂಬರಿಯಿಂದ 135 ಬಯಸುವುದು ನ್ಯಾಯವಲ್ಲ. ಕಣ್ಣಿ ಮಾರ್ಕೆಟ್ಟಿಗೆ ನಸುಕಿನಲ್ಲಿ ಬಂದಿಳಿಯುವ, ಬೇರಿಗೆ ಮಣ್ಣು ಅಂಟಿದ ಕಟ್ಟನ್ನು ನಾನು ಹುಡುಕುವುದು ಇದಕ್ಕೇ.

ಇನ್ನು ಆ ನೂರು ಗ್ರಾಮಿನ ವಿಷಯ. ಪ್ರಯೋಗಾಲಯಕ್ಕೆ ಅದು ಬೇಕು, ಅಳತೆ ಒಂದೇ ಇರಬೇಕಲ್ಲ. ಆದರೆ ಊಟಕ್ಕೆ ಕೂತವರು ನೂರು ಗ್ರಾಂ ಕೋತಂಬರಿ ತಿನ್ನುವುದಿಲ್ಲ. ರೊಟ್ಟಿ ಪಕ್ಕಕ್ಕೆ ಹೆಚ್ಚಿಟ್ಟ ಅರ್ಧ ಗಜ್ಜರಿ ಐವತ್ತು ಗ್ರಾಂ ಎನ್ನೋಣ, ಬ್ಯಾಳಿಯ ಮೇಲೆ ಉದುರಿಸಿದ ಕೋತಂಬರಿ ಐದು ಗ್ರಾಂ. ಹಳೆಯ ನಮ್ಮ ಪಟ್ಟಿಯನ್ನೇ ಹಿಡಿದರೆ ಗಜ್ಜರಿಯಿಂದ ಬಂದ ಕ್ಯಾರೋಟಿನ್ 945 ಮೈಕ್ರೋಗ್ರಾಂ, ಕೋತಂಬರಿಯಿಂದ 346. ತಟ್ಟೆಗೆ ಬಂದಾಗ ಗಡ್ಡೆ ಗೆದ್ದಿತು. ಗೆಲ್ಲಿಸಿದ್ದು ಅದರ ಸತ್ವವಲ್ಲ, ನಾವು ಬಡಿಸಿದ ಪ್ರಮಾಣ.

ಹಾಗಾದರೆ ಎಲೆಯ ಪ್ರಮಾಣ ಹೆಚ್ಚಿಸಬಹುದಲ್ಲ. ಈ ಸೀಮೆಯವರಿಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಹಸಿ ಮೆಂತಿಯನ್ನು, ಹಕ್ಕರಕಿಯನ್ನು ಮುಷ್ಟಿ ಮುಷ್ಟಿಯಾಗಿ ರೊಟ್ಟಿ ಜೊತೆ ತಿನ್ನುವ ಜನ ನಾವು. ಪುಂಡಿಪಲ್ಯ ನಮಗೆ ಒಗ್ಗರಣೆಯ ಮೇಲಿನ ಶೋಭೆಯಲ್ಲ, ಊಟದ ಅರ್ಧಭಾಗ. ಕೋತಂಬರಿಗೆ ಮಾತ್ರ ಈ ಪದವಿ ಸಿಕ್ಕಿಲ್ಲ. ಒಂದು ಹಿಡಿ ಕೋತಂಬರಿಯನ್ನು ಎಳೆಯ ದಂಟಿನ ಸಮೇತ, ಶೇಂಗಾ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಚೂರು ಹುಣಸೆ, ಉಪ್ಪು ಹಾಕಿ ಒಳಕಲ್ಲಿನಲ್ಲಿ ಕುಟ್ಟಿದರೆ ತಲಾ ಇಪ್ಪತ್ತೈದು ಗ್ರಾಂ ಎಲೆ ಸಲೀಸಾಗಿ ಒಳಗೆ ಹೋಗುತ್ತದೆ. ಎಲೆ ತಾಜಾ ಇದ್ದರೆ, ಹಳೆಯ ಪಟ್ಟಿಯ ಪ್ರಕಾರ 34 ಮಿಲಿಗ್ರಾಂ ಸಿ ಜೀವಸತ್ವ. ವಯಸ್ಕ ಹೆಂಗಸಿಗೆ ದಿನಕ್ಕೆ 65 ಮಿಲಿಗ್ರಾಂ ಬೇಕೆಂದು ಅದೇ ಹೈದರಾಬಾದಿನ ಸಂಸ್ಥೆಯ 2020ರ ಶಿಫಾರಸು ಹೇಳುತ್ತದೆ. ಒಂದು ಚಟ್ನಿಯಲ್ಲಿ ಅರ್ಧ ದಾರಿ ಮುಗಿಯಿತು. ಹಸಿಯಾಗಿ ತಿನ್ನುವ ಎಲೆಯಾದ್ದರಿಂದ ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ತೊಳೆದ ಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ವ ಮೋರಿಗೆ.

ಈ ಸಿ ಜೀವಸತ್ವದ ಬೆನ್ನು ಹತ್ತಲು ನನಗೊಂದು ಕಾರಣವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ಜೋಳದಲ್ಲಿ ಕಬ್ಬಿಣವಿದೆ, ನಮ್ಮ ಹೆಮ್ಮೆಯ ತೊಗರಿಯಲ್ಲೂ ಇದೆ. ಆದರೆ ಕಾಳುಕಡಿಯ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಇಳಿಯುವುದಿಲ್ಲ. ಜೊತೆಗೆ ಸಿ ಜೀವಸತ್ವ ಇದ್ದರೆ ಹೆಚ್ಚು ಇಳಿಯುತ್ತದೆ. ಕೋತಂಬರಿಯೊಂದರಿಂದ ರಕ್ತಹೀನತೆ ಹೋಗುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು, ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ನುಂಗಲೇಬೇಕು. ಆದರೆ ರೊಟ್ಟಿ, ಬ್ಯಾಳಿ, ಹಸಿ ಚಟ್ನಿ ಒಂದೇ ತುತ್ತಿನಲ್ಲಿ ಕೂಡಿದಾಗ ರೊಟ್ಟಿಯೊಳಗಿನ ಕಬ್ಬಿಣಕ್ಕೆ ದಾರಿ ತೆರೆದಂತಾಗುತ್ತದೆ. ಊಟವಾದ ತಕ್ಷಣ ಕುಡಿಯುವ ಚಹಾ ಆ ದಾರಿ ಮುಚ್ಚುತ್ತದೆ. ಇದನ್ನು ನಮ್ಮ ಓಣಿಯ ಹೆಂಗಸರಿಗೆ ಹೇಳಿದಾಗಲೆಲ್ಲ "ಚಾ ಬಿಡಂತ ಮಾತ್ರ ಹೇಳಬ್ಯಾಡ್ರಿ" ಎನ್ನುತ್ತಾರೆ. ಬಿಡುವುದು ಬೇಡ, ಒಂದು ತಾಸು ಸರಿಸಿದರೆ ಸಾಕು.

ಗಜ್ಜರಿಯ ಪರವಾಗಿಯೂ ಗಟ್ಟಿ ಸಾಕ್ಷಿ ಇದೆ. 1995ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ ಇಂಡೋನೇಷ್ಯಾದ ಪಶ್ಚಿಮ ಜಾವಾದ ಬಾಣಂತಿಯರಿಗೆ ವಾರಗಟ್ಟಲೆ ಹಸಿರು ಸೊಪ್ಪು ಕೊಟ್ಟು ನೋಡಿದರು. ಸೊಪ್ಪಿನಲ್ಲಿ ಕ್ಯಾರೋಟಿನ್ ಬೇಕಾದಷ್ಟಿತ್ತು, ಆದರೂ ಅವರ ದೇಹದಲ್ಲಿ ಎ ಜೀವಸತ್ವ ನಿರೀಕ್ಷಿಸಿದಂತೆ ಏರಲಿಲ್ಲ. ಎಲೆಯ ಜೀವಕೋಶದೊಳಗೆ ಕ್ಯಾರೋಟಿನ್ ಪ್ರೋಟೀನುಗಳ ಜೊತೆ ಹೆಣೆದುಕೊಂಡು ಕೂತಿರುತ್ತದೆ; ಅಗಿದಷ್ಟಕ್ಕೆ ಕೈಗೆ ಬರುವುದಿಲ್ಲ. ಗಜ್ಜರಿಯೂ ಹಸಿಯಾಗಿದ್ದಾಗ ಉದಾರಿಯೇನಲ್ಲ, ಆದರೆ ತುರಿದು ಬೇಯಿಸಿ ನಾಲ್ಕು ಹನಿ ಎಣ್ಣೆ ತಾಗಿಸಿದರೆ ಚೆನ್ನಾಗಿ ಬಿಟ್ಟುಕೊಡುತ್ತದೆ. ಎಣ್ಣೆ ಎರಡಕ್ಕೂ ಬೇಕು. ಹಸಿ ತರಕಾರಿಯ ಪಕ್ಕಕ್ಕೆ ಶೇಂಗಾ ಹಿಂಡಿ, ಎಣ್ಣೆ ಇಡುವ ನಮ್ಮ ಪದ್ಧತಿಯನ್ನು ಬಡತನದ ಊಟವೆಂದು ಮರೆಮಾಚುವವರನ್ನು ಕಂಡರೆ ಸಂಕಟವಾಗುತ್ತದೆ.

ಸಕ್ಕರೆ ಕಾಯಿಲೆ ಬಂದ ಕೂಡಲೇ ನೆಲದೊಳಗೆ ಬೆಳೆದದ್ದನ್ನೆಲ್ಲ ಬಿಡಬೇಕೆಂಬ ನಂಬಿಕೆಯಿಂದ ಗಜ್ಜರಿ ಅನ್ಯಾಯವಾಗಿ ಹೊರಬಿದ್ದಿದೆ. ನೂರು ಗ್ರಾಮಿನಲ್ಲಿ ನೀರೇ 88 ಗ್ರಾಂ, ಸಕ್ಕರೆ ಐದರೊಳಗೆ. ಆಲೂಗಡ್ಡೆಯ ಪಕ್ಕಕ್ಕೆ ಅದನ್ನು ಕೂರಿಸಬಾರದು. ಹಲ್ವಾ ಮಾಡಿದರೆ ಮಾತು ಬೇರೆ. ಕೋತಂಬರಿಯ ಕಡೆಗೂ ಒಂದು ಎಚ್ಚರಿಕೆ: ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವ ಅದರಲ್ಲಿ ಹೇರಳ. ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರು ಒಂದು ದಿನ ಬಟ್ಟಲುಗಟ್ಟಲೆ ತಿಂದು ಮರುದಿನ ಬಿಟ್ಟುಬಿಡುವುದು ಸಲ್ಲ, ವೈದ್ಯರನ್ನು ಕೇಳಿ ಒಂದೇ ಪ್ರಮಾಣ ಇಟ್ಟುಕೊಳ್ಳಬೇಕು.

ನೆಲದ ಮಾತೂ ಇದರಲ್ಲಿದೆ. ನಮ್ಮ ಎರೆ ಹೊಲ ತೊಗರಿಗೆ, ಜೋಳಕ್ಕೆ ತಾಯಿ. ಗಡ್ಡೆಗೆ ಅಷ್ಟು ಸಲೀಸಲ್ಲ. ತೇವ ಆರಿದಾಗ ಬಿಗಿಯುವ ಕಪ್ಪು ಮಣ್ಣಿನಲ್ಲಿ ಗಜ್ಜರಿ ನೆಟ್ಟಗೆ ಇಳಿಯದೆ ಕವಲೊಡೆಯುತ್ತದೆ. ಹುಮನಾಬಾದ ರಸ್ತೆ ಹಿಡಿದು ಕಮಲಾಪುರ ಮುಟ್ಟಿದರೆ ಅಲ್ಲಿ ಕೆಂಪು ಮಣ್ಣು, ಭೌಗೋಳಿಕ ಗುರುತು ಪಡೆದ ಕೆಂಬಾಳೆಯ ತೋಟಗಳು. ಒಂದೇ ಜಿಲ್ಲೆಯೊಳಗೆ ನೆಲದ ಬಣ್ಣ ಬದಲಾಗುತ್ತದೆ. ಕೋತಂಬರಿಗೆ ಇಷ್ಟೊಂದು ಹಟವಿಲ್ಲ. ಗಾಜಿಪುರದ ಮಾಳಿಗೆಯ ಮೇಲಿನ ಒಡೆದ ಬಕೆಟ್ಟಿನಲ್ಲಿ, ಕಾಳನ್ನು ಎರಡು ಹೋಳಾಗುವಂತೆ ಉಜ್ಜಿ ಬಿತ್ತಿದರೂ ಬರುತ್ತದೆ. ಬೇಸಿಗೆಯಲ್ಲಿ ಮಾತ್ರ ಬೇಗ ಹೂಬಿಟ್ಟು ಕೈಕೊಡುತ್ತದೆ.

ಎರಡೂ ಒಟ್ಟಿಗೆ ಸೊಗಸಾಗಿ ಸಿಗುವುದು ಚಳಿಗಾಲದಲ್ಲಿ, ಎಳ್ಳಮಾವಾಸ್ಯೆಯ ಸುಮಾರಿಗೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಮರದ ಕೆಳಗೆ ಕೂತು ಸಜ್ಜಿ ರೊಟ್ಟಿಯ ಮೇಲೆ ಹಾಕಿಸಿಕೊಳ್ಳುವ ಭಜ್ಜಿಯಲ್ಲಿ ಗಜ್ಜರಿ, ಬದನೆ, ಹಸಿ ತೊಗರಿ, ಅವರೆ, ಶೇಂಗಾ, ಮೆಂತಿ, ಉಳ್ಳಾಗಡ್ಡಿ ತಪ್ಪಲ, ಕೋತಂಬರಿ, ಹುಣಸೆ ಎಲ್ಲ ಬೆರೆತಿರುತ್ತವೆ. ಹುಳಿ ಇದೆ, ಎಣ್ಣೆ ಇದೆ, ಕಾಳಿದೆ, ಗಡ್ಡೆ ಇದೆ, ಎಲೆ ಇದೆ. ಪೋಷಣೆಯ ಪುಸ್ತಕ ಬೇಡುವ ಎಲ್ಲ ಜೋಡಣೆ ಒಂದೇ ಪಾತ್ರೆಯಲ್ಲಿ. ವರ್ಷಕ್ಕೊಮ್ಮೆ ಮಾಡುವುದನ್ನು ಚಳಿಗಾಲದುದ್ದಕ್ಕೂ ವಾರಕ್ಕೊಮ್ಮೆ ಮಾಡಬಾರದೇಕೆ ಎಂಬುದು ನನ್ನ ಒತ್ತಾಯ.

ಗಡ್ಡೆ ಮತ್ತು ಎಲೆಯ ಪೈಪೋಟಿಯನ್ನು ಒಂದೇ ಗಿಡದಲ್ಲಿ ನೋಡಬೇಕೆಂದರೆ ಮೂಲಂಗಿ ಎತ್ತಿಕೊಳ್ಳಬೇಕು. ಹಳೆಯ ಪಟ್ಟಿಯಲ್ಲಿ ಬಿಳಿ ಮೂಲಂಗಿಯ ಕ್ಯಾರೋಟಿನ್ ಬರೀ 3 ಮೈಕ್ರೋಗ್ರಾಂ, ಸುಣ್ಣದಂಶ 35 ಮಿಲಿಗ್ರಾಂ. ಅದರ ತಲೆಯ ಮೇಲಿನ ತಪ್ಪಲಿನಲ್ಲಿ ಕ್ಯಾರೋಟಿನ್ 5295, ಸುಣ್ಣ 265, ಸಿ ಜೀವಸತ್ವ 81. ನಾವು ದುಡ್ಡು ಕೊಡುವುದು ಮೊದಲನೆಯದಕ್ಕೆ. ಎರಡನೆಯದು ಬಂಡಿಯ ಪಕ್ಕದಲ್ಲಿ ರಾಶಿ ಬಿದ್ದು ದನಗಳ ಪಾಲಾಗುತ್ತದೆ. ಎಳೆಯ ತಪ್ಪಲಿರುವ ಮೂಲಂಗಿಯನ್ನೇ ಆರಿಸಿ, "ತಪ್ಪಲ ಮುರೀಬ್ಯಾಡ್ರಿ" ಎಂದು ಮೊದಲೇ ಹೇಳಬೇಕು. ಸಣ್ಣಗೆ ಹೆಚ್ಚಿ, ನೆನೆದ ಹೆಸರುಬೇಳೆಯ ಜೊತೆ ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಹತ್ತು ನಿಮಿಷ ಬೇಯಿಸಿ, ಇಳಿಸಿದ ಮೇಲೆ ಹಸಿ ಕೋತಂಬರಿ ಒಂದು ಮುಷ್ಟಿ ಬೆರೆಸಿದರೆ ಬಿಸಿ ರೊಟ್ಟಿಗೆ ಬೇರೆ ಪಲ್ಯ ಬೇಕಾಗುವುದಿಲ್ಲ.